ಜೇ ಹಕ್ಕಿಯ ಚಿತ್ರಗಳೂ ಸ್ವಭಾವೋಕ್ತಿಯೂ

ಸ್ವಭಾವೋಕ್ತಿಯ ವಿಷಯದಲ್ಲಿ ಆಲಂಕಾರಿಕರಿಗೆ ಒಮ್ಮತವಿಲ್ಲ. ವಸ್ತುವಿನ ಸ್ವರೂಪವನ್ನು ಕಣ್ಣಿಗೆ ಕಟ್ಟುವಂತೆ ಹೇಳುವುದನ್ನು ದಂಡಿಯು ಮೊದಲನೆಯ ಅಲಂಕಾರವಾಗಿ ಎಣಿಸಿದನು. ಭಾಮಹನು ಅದನ್ನು ಕೆಲವರ ಮತವೆಂದು ಹೇಳಿ ಮುಂದೆ ಸಾಗಿದನು. ಬರಿಯ ಸಮಾಚಾರದಂತಿರುವ ಮಾತಿಗಂತೂ ವಾರ್ತೆಯೆಂದು ಹೆಸರಿಟ್ಟು ಕಾವ್ಯದ ಹೊರಗೆ ನಿಲ್ಲಿಸಿದನು. ಸ್ವಭಾವವೇ ಅಲಂಕಾರವಾದರೆ ಅಲಂಕರಿಸಲ್ಪಡುವ ವಸ್ತು ಯಾವುದೆಂದು ಕುಂತಕನ ಆಕ್ಷೇಪ. ಈ ವಾದವು ಕಾವ್ಯಕ್ಕೆ ಮಾತ್ರ ಮೀಸಲಾದುದಲ್ಲ. ಪ್ರಾಣಿಪಕ್ಷಿಗಳನ್ನು ಇದ್ದುದಿದ್ದಂತೆ ತೋರಿಸುವೆವೆಂದು ಹೊರಟ ಚಿತ್ರಕಾರರಿಗೂ ಛಾಯಾಚಿತ್ರಕಾರರಿಗೂ ಅದು ಅಷ್ಟೇ ಸಲ್ಲುತ್ತದೆ. ಯೂರೋಪಿನ ಜೇ ಎಂಬ ಹಕ್ಕಿಯ ಚಿತ್ರಪರಂಪರೆಯನ್ನು ನೋಡಿದರೆ ಇದು ಸ್ಪಷ್ಟವಾಗುವುದು. ಆ ಹಕ್ಕಿಯು ಕನ್ನಡ ನಾಡಿನಲ್ಲಿಲ್ಲ. ಇಲ್ಲಿಯ ವಾಚಕರಿಗೆ ಅದು ಚಿತ್ರದ ಮೂಲಕವೇ ಪರಿಚಿತವಾಗಬೇಕಾದುದರಿಂದ, ಚಿತ್ರವು ಸುಳ್ಳಾಡಿದರೆ ತಿದ್ದುವವರಾರೂ ಇಲ್ಲ.

ಮೊದಲು ಹೆಸರಿನ ತೊಡಕೊಂದನ್ನು ಬಿಡಿಸಬೇಕು. ಹಿಂದೆ ಭಾರತದಲ್ಲಿದ್ದ ಇಂಗ್ಲಿಷರು 'ಬ್ಲೂ ಜೇ' ಎಂದು ಕರೆದದ್ದು ನೀಲಕಂಠವನ್ನು. ಅಮರಕೋಶದಲ್ಲಿ ಚಾಷ, ಕಿಕೀದಿವಿ ಎಂದು ಹೇಳಿರುವ, ಇಂದು ಕರ್ನಾಟಕದ ರಾಜ್ಯಪಕ್ಷಿಯೆನಿಸಿರುವ ಹಕ್ಕಿಯನ್ನು. ನಿಜವಾದ ಜೇ ಬೇರೆ; ಅದು ಕಾಗೆಯ ಕುಲಕ್ಕೆ ಸೇರಿದುದು. ಲಿನೇಯಸನು 1758ರಲ್ಲಿ ಅದನ್ನು ಕಾಗೆಗಳ ಸಾಲಿನಲ್ಲಿಯೇ ಇಟ್ಟು, ಓಕ್ ಮರದ ಕಾಯಿಯನ್ನು ಸೂಚಿಸುವ 'ಗ್ಲಾಂಡಾರಿಯಸ್' ಎಂಬ ವಿಶೇಷಣವನ್ನು ಕೊಟ್ಟನು. ಇಂದಿನ ಕುಲನಾಮವಾದ 'ಗ್ಯಾರುಲಸ್' ಎಂದರೆ ವಾಚಾಳಿ. ಮೈ ನಸುಗೆಂಪು ಬೆರೆತ ಕಂದು. ಕೊಕ್ಕಿನ ಬುಡದಿಂದ ಇಳಿದ ಕರಿಮೀಸೆ. ಬಾಲದ ಬುಡದಲ್ಲಿ ಅಚ್ಚಬಿಳುಪು. ರೆಕ್ಕೆಯ ಮಡಿಕೆಯಲ್ಲಿ ಅಂಗುಲವೊಂದೆರಡರಷ್ಟು ಜಾಗದಲ್ಲಿ ಕಪ್ಪು ಗೀರುಗಳುಳ್ಳ ಹೊಳೆಯುವ ನೀಲಿ. ಎರಡು ಶತಮಾನಗಳ ಚಿತ್ರಗಳೆಲ್ಲ ಈ ಪುಟ್ಟ ನೀಲಿಗೆ ಮರುಳಾಗಿವೆ ಎಂದರೆ ಅತಿಶಯೋಕ್ತಿಯಲ್ಲ.

ಮರುಳಾಗಲು ಕಾರಣವೂ ಇದೆ. ಆ ನೀಲಿಯು ಯಾವ ವರ್ಣದ್ರವ್ಯದಿಂದಲೂ ಉಂಟಾದುದಲ್ಲ. ಗರಿಯ ಪದಾರ್ಥವು ಒಳಗೆ ಸ್ಪಂಜಿನಂತೆ ಅತಿಸೂಕ್ಷ್ಮವಾದ ರಂಧ್ರಗಳಿಂದ ತುಂಬಿದೆ. ಅಲ್ಲಿ ಬೆಳಕು ಚದರಿ ನೀಲಿಯಾಗಿ ಹೊರಬೀಳುತ್ತದೆ. ಗರಿಯನ್ನು ಅರೆದು ಪುಡಿಮಾಡಿದರೆ ನೀಲಿಯು ಮಾಯವಾಗುತ್ತದೆ. ರಂಧ್ರಗಳ ಗಾತ್ರವು ಬದಲಾದಂತೆ ಒಂದೇ ಗರಿಯಲ್ಲಿ ನೀಲಿಯಿಂದ ಬಿಳುಪಿನವರೆಗೆ ಬಣ್ಣವು ಬದಲಾಗುವುದೆಂದು ಷೆಫೀಲ್ಡ್ ವಿಶ್ವವಿದ್ಯಾನಿಲಯದ ವಿದ್ವಾಂಸರು 2015ರಲ್ಲಿ ತೋರಿಸಿಕೊಟ್ಟರು. ಇಂಥ ನೀಲಿಯನ್ನು ಕುಂಚದ ಬಣ್ಣದಿಂದ ಬರೆಯಹೊರಟವನು, ಮಿಂಚನ್ನು ಮಸಿಯಿಂದ ಬರೆಯುವವನಂತೆ, ಆರಂಭದಲ್ಲಿಯೇ ಸೋತಿರುತ್ತಾನೆ.

ಬಣ್ಣದ ಗೋಜಿಗೇ ಹೋಗದವನು ಥಾಮಸ್ ಬ್ಯೂಯಿಕ್. ಅವನ ಬ್ರಿಟಿಷ್ ಪಕ್ಷಿಗಳ ಗ್ರಂಥದ ಮೊದಲನೆಯ ಸಂಪುಟವು 1797ರಲ್ಲಿ ಹೊರಬಿದ್ದಿತು. ಗಟ್ಟಿಮರದ ಅಡ್ಡಗೊಯ್ತದ ಮೇಲೆ ಕೊರೆದು, ಕಪ್ಪು ನೆಲದಲ್ಲಿ ಬಿಳಿಯ ಗೆರೆಗಳಿಂದ ರೂಪವನ್ನು ಎಬ್ಬಿಸುವುದು ಅವನ ಕ್ರಮ. ತೊಗಲಿಗೆ ತುಂಬಿಸಿಟ್ಟ ಹಕ್ಕಿಗಳನ್ನು ನೋಡಿ ಬರೆಯಲು ಅವನು 1791ರಲ್ಲಿ ವಿಕ್ಲಿಫ್ ಎಂಬ ಊರಿನ ಸಂಗ್ರಹಕ್ಕೆ ಹೋದನಾದರೂ, ಆ ಜಡವಾದ ನಿಲುವುಗಳು ಅವನಿಗೆ ಒಪ್ಪಿಗೆಯಾಗಲಿಲ್ಲ. ಅವನ ಜೇ ಹಕ್ಕಿಯಲ್ಲಿ ನೀಲಿಯಿಲ್ಲ. ಆದರೆ ಗರಿಗಳ ನಯ ಒರಟುಗಳ ಭೇದವು ಗೆರೆಯ ದಪ್ಪದಲ್ಲಿಯೇ ತಿಳಿದುಬರುತ್ತದೆ. ಅಂಗೈಯಗಲದ ಈ ಅಚ್ಚಿನ ಮುಂದೆ ಜಾನ್ ಗೌಲ್ಡನು 1862ರಿಂದ 1873ರ ವರೆಗೆ ಪ್ರಕಟಿಸಿದ 'ಗ್ರೇಟ್ ಬ್ರಿಟನ್ನಿನ ಪಕ್ಷಿಗಳು' ಎಂಬ ಗ್ರಂಥದ ಕೈಬಣ್ಣ ಹಚ್ಚಿದ ಕಲ್ಲಚ್ಚಿನ ಫಲಕಗಳು ಅರಮನೆಯ ದರ್ಬಾರಿನಂತಿವೆ. ವೈಭವವುಂಟು, ಶ್ರಮವುಂಟು; ಹಕ್ಕಿಗಳು ಮಾತ್ರ ನೋಡುವವನು ಬಂದಿರುವನೆಂದು ತಿಳಿದು ನಿಂತಂತೆ ನಿಂತಿವೆ. ಜೇ ಆದರೋ ಮನುಷ್ಯನನ್ನು ಕಂಡೊಡನೆ ಕಿರಿಚಿ ಮರೆಯಾಗುವ ಜಾತಿ. ಬೇಟೆಹಕ್ಕಿಗಳ ಮೊಟ್ಟೆಮರಿಗಳನ್ನು ತಿನ್ನುವುದೆಂಬ ಕಾರಣದಿಂದ ಕಾಡಿನ ಕಾವಲುಗಾರರು ಅದನ್ನು ಗುಂಡಿಕ್ಕಿ ಕೊಲ್ಲುತ್ತಿದ್ದರು. ಅದರ ನೀಲಿಗರಿಯು ಮೀನಿನ ಗಾಳಕ್ಕೂ ಟೋಪಿಗೂ ಒದಗುತ್ತಿತ್ತು. ಇಷ್ಟು ಹಿಂಸೆಗೊಳಗಾದ ಹಕ್ಕಿಯ ಸಂಕೋಚವೇ ಅದರ ಸ್ವಭಾವದ ಬಹುಭಾಗ. ಅದನ್ನು ಬಿಟ್ಟು ಗರಿಗಳನ್ನು ಮಾತ್ರ ಬರೆದರೆ ಅದು ವಾರ್ತೆಯಾಗುವುದೇ ಹೊರತು ಸ್ವಭಾವೋಕ್ತಿಯಾಗಲಾರದು.

ಸ್ವೀಡನ್ನಿನ ಬ್ರೂನೊ ಲಿಲ್ಯೆಫೋರ್ಸನು ಇದನ್ನು ಅರಿತಿದ್ದನು. 1886ರಲ್ಲಿ ಜೇ ಹಕ್ಕಿಗಳನ್ನು ಚಿತ್ರಿಸಿದ ಈ ಕಲಾವಿದನು ಕಾಡುಪ್ರಾಣಿಗಳನ್ನು ತನ್ನ ಮನೆಯಲ್ಲಿಯೇ ಸಾಕಿಕೊಂಡು ಅವುಗಳ ಚಲನವಲನಗಳನ್ನು ನೋಡಿ ಕಲಿತವನು. ಕೊಂಬೆ, ಎಲೆ, ಮಂಜು ಇವು ಅವನಿಗೆ ಹಿನ್ನೆಲೆಯಲ್ಲ. ಪ್ರಾಣಿಯೊಡನೆ ಒಂದೇ ವಸ್ತು.

ಅನಂತರ ಬಂದುದು ಛಾಯಾಚಿತ್ರ. ರಿಚರ್ಡ್ ಮತ್ತು ಚೆರಿ ಕಿಯರ್ಟನ್ ಎಂಬ ಸಹೋದರರು 1895ರಲ್ಲಿ ಹಕ್ಕಿಗೂಡುಗಳ ಪುಸ್ತಕವೊಂದನ್ನು ಆದ್ಯಂತ ಛಾಯಾಚಿತ್ರಗಳಿಂದಲೇ ಅಲಂಕರಿಸಿದರು. 1900ರಲ್ಲಿ ಟೊಳ್ಳು ಮಾಡಿದ ಎತ್ತಿನ ತೊಗಲೊಂದರೊಳಗೆ ನಿಂತು ಹಕ್ಕಿಗಳ ಚಿತ್ರ ತೆಗೆಯುವ ಸಾಹಸವನ್ನೂ ಮಾಡಿದರು. ಹಳ್ಳಿಯ ಬಹುರೂಪಿಯೂ ಇಂಥ ವೇಷವನ್ನು ಹಾಕಿರಲಾರನು. ಆ ಎತ್ತು ಹಕ್ಕಿಯ ಬಳಿಗೆ ಹೋಯಿತು. ಇಂದು ಹಕ್ಕಿಯೇ ಯಂತ್ರದ ಬಳಿಗೆ ಬರಬೇಕು. ಹಂಗೇರಿ, ಸ್ಪೇನ್ ಮೊದಲಾದ ದೇಶಗಳಲ್ಲಿ ಕಾಡಿನ ನಡುವೆ ಸಣ್ಣ ಕೊಳವನ್ನು ತೋಡಿ, ಪಾಚಿಗಟ್ಟಿದ ಕೊರಡನ್ನು ತಂದಿಟ್ಟು, ಕಡಲೆಕಾಯಿ ಬೀಜವನ್ನು ಮರೆಯಲ್ಲಿ ಚೆಲ್ಲಿ, ಎದುರಿನ ಗುಡಿಸಲಿನಲ್ಲಿ ಬಾಡಿಗೆಗೆ ಆಸನವನ್ನು ಕೊಡುತ್ತಾರೆ. ಕ್ಷಣಕ್ಕೆ ಇಪ್ಪತ್ತು ಚಿತ್ರಗಳು ಮೂಡುತ್ತವೆ. ಪರಿಣಾಮವಾಗಿ ಅದೇ ಕೊರಡು, ಅದೇ ಮಸುಕಾದ ಹಸುರು ಹಿನ್ನೆಲೆ, ಅದೇ ನೀರಿನ ಪ್ರತಿಬಿಂಬ, ಅದೇ ನೀಲಿ. ಒಂದು ಚಿತ್ರವನ್ನು ನೋಡಿದವನು ಸಾವಿರವನ್ನು ನೋಡಿದಂತಾಯಿತು. ಗೌಲ್ಡನ ದರ್ಬಾರು ಮತ್ತೆ ನೆರೆಯಿತು. ಯಂತ್ರವು ನಿಷ್ಪಕ್ಷಪಾತಿಯೆಂಬ ನಂಬಿಕೆಯಿಂದ ಈ ಸಲ ಅದಕ್ಕೆ ಸತ್ಯದ ಮುದ್ರೆಯೂ ಬಿದ್ದಿತು. ಆ ಮುದ್ರೆಯ ಬೆಲೆಯೆಷ್ಟೆಂಬುದಕ್ಕೆ ಲಂಡನ್ನಿನ ವನ್ಯಜೀವಿ ಛಾಯಾಚಿತ್ರ ಸ್ಪರ್ಧೆಯೇ ಸಾಕ್ಷಿ: 2009ರಲ್ಲಿ ಗೆದ್ದ ತೋಳದ ಚಿತ್ರವನ್ನು, ತೋಳವು ಸಾಕಿದುದಾಗಿರಬಹುದೆಂದು ತೀರ್ಪುಗಾರರು ಬಗೆದು, ಮರುವರ್ಷ ಅನರ್ಹಗೊಳಿಸಿದರು. ಕಡಲೆಕಾಯಿಗೆ ಬಂದ ಜೇ ಸಾಕಿದ ಹಕ್ಕಿಯಲ್ಲ, ನಿಜ. ಆದರೂ ಕಾಡಿನಲ್ಲಿ ಅದು ಬದುಕುವ ರೀತಿ ಅದಲ್ಲ.

ಹಾಗೆಂದು ಛಾಯಾಚಿತ್ರವನ್ನೇ ಹಳಿಯುವುದು ನ್ಯಾಯವಲ್ಲ. ಶರತ್ಕಾಲದಲ್ಲಿ ಈ ಹಕ್ಕಿಯು ಓಕ್ ಮರದ ಕಾಯಿಗಳನ್ನು ಗಂಟಲಿನಲ್ಲಿ ತುಂಬಿಕೊಂಡು, ಕೊಕ್ಕಿನಲ್ಲಿ ಮತ್ತೊಂದನ್ನು ಕಚ್ಚಿಕೊಂಡು, ದೂರ ಹಾರಿ ನೆಲದಲ್ಲಿ ಒಂದೊಂದಾಗಿ ಹೂಳುತ್ತದೆ; ಒಂದೇ ಹಕ್ಕಿಯು ಹಲವು ಸಾವಿರ ಕಾಯಿಗಳನ್ನು ಹೀಗೆ ಹೂಳುವುದುಂಟು. ತಿನ್ನದೆ ಉಳಿದುವು ಮೊಳೆಯುತ್ತವೆ. ಭಾರವಾದ ಆ ಕಾಯಿಯನ್ನು ಗಾಳಿಯು ಒಯ್ಯಲಾರದು. ತಾಯಿಮರವನ್ನು ಬಿಟ್ಟು ಗುಡ್ಡವನ್ನೇರಬೇಕಾದರೆ ಓಕ್ ಮರಕ್ಕೆ ಈ ವಾಚಾಳಿಯ ನೆರವು ಬೇಕು. ಉಬ್ಬಿದ ಗಂಟಲಿನಿಂದ, ಮಣ್ಣು ಮೆತ್ತಿದ ಕೊಕ್ಕಿನಿಂದ, ನೀಲಿಯು ಅರೆಮರೆಯಾಗಿ ಎಲೆಗಸದಲ್ಲಿ ಬಗ್ಗಿರುವ ಜೇ ಹಕ್ಕಿಯ ಛಾಯಾಚಿತ್ರಗಳೂ ಇವೆ. ಅವು ಕೊಳದ ಬದಿಯ ಚಿತ್ರಗಳಷ್ಟು ಚೆಲುವಾಗಿಲ್ಲ. ಗೋಡೆಗೆ ತೂಗುಹಾಕುವವರೂ ಕಡಿಮೆ. ದಂಡಿಯು ಒಪ್ಪುವುದು ಇವನ್ನೇ.

ಇವುಗಳ ಜೊತೆಗೆ ನಿಲ್ಲತಕ್ಕದ್ದು ಪಕ್ಷಿವೀಕ್ಷಕರ ಕೈಪಿಡಿಯ ಚಿತ್ರ. 1954ರಲ್ಲಿ ಪೀಟರ್ಸನ್ ಮತ್ತು ಸಂಗಡಿಗರ ಯೂರೋಪಿನ ಕೈಪಿಡಿಯೂ, 1999ರಲ್ಲಿ ಸ್ವೀಡನ್ನಿನ ಸ್ವೆನ್ಸನ್ ಮೊದಲಾದವರದೂ ಹೊರಬಂದುವು. ಇಂಥ ಪುಟಗಳಲ್ಲಿ ಹಾರುತ್ತಿರುವ ಜೇ ಹಕ್ಕಿಯ ಪುಟ್ಟ ರೂಪವೊಂದಿರುತ್ತದೆ: ಅಗಲವಾದ ರೆಕ್ಕೆ, ಕರಿಬಾಲ, ಅದರ ಬುಡದಲ್ಲಿ ಎದ್ದುಕಾಣುವ ಬಿಳುಪು. ಕಾಡಿನಲ್ಲಿ ನಡೆಯುವವನಿಗೆ ಸಾಮಾನ್ಯವಾಗಿ ದೊರಕುವ ದರ್ಶನವು ಅಷ್ಟೇ. ಇದರ ಬೆಲೆಯು ಹಿಮಾಲಯದಲ್ಲಿ ತಿಳಿಯುತ್ತದೆ. ಗಢವಾಲ, ಕುಮಾವೂಂ ಪ್ರಾಂತಗಳ ಓಕ್ ಕಾಡುಗಳಲ್ಲಿ ಇದೇ ಜಾತಿಯ ಹಕ್ಕಿಯುಂಟು. ಅಲ್ಲಿಯ ಹಕ್ಕಿಗೆ ಯೂರೋಪಿನದಕ್ಕಿರುವ ನೆತ್ತಿಯ ಕರಿಗೆರೆಗಳಿಲ್ಲ. ಅದೇ ಕಾಡಿನಲ್ಲಿ ಕರಿತಲೆಯ ಇನ್ನೊಂದು ಜೇ ಇದೆ. ಅದರ ರೆಕ್ಕೆಯಲ್ಲಿಯೂ ಗೀರುಗೀರಾದ ನೀಲಿಯಿದೆ. ಬದರಿ ಕೇದಾರಗಳಿಗೆ ಹೊರಟ ಕನ್ನಡದ ಯಾತ್ರಿಕನು ಕೊಳದ ಬದಿಯ ಚಿತ್ರಗಳನ್ನು ನಂಬಿ ನೀಲಿಯನ್ನೇ ಹುಡುಕಿದರೆ ಎರಡನ್ನೂ ಒಂದೆಂದೇ ಎಣಿಸಿಯಾನು. ದಾರಿಯನ್ನು ಅಡ್ಡಹಾಯ್ದು ಮರಗಳೊಳಗೆ ನುಗ್ಗುವ ಹಕ್ಕಿಯ ಬಾಲದ ಬುಡದಲ್ಲಿ ಬಿಳುಪು ಕಂಡರೆ ಅದು ಈ ಜೇ. ಕರಿತಲೆಯದಕ್ಕೆ ಆ ಬಿಳುಪಿಲ್ಲ.