ಹುಬ್ಬಳ್ಳಿಯಾಂವನ ಹಾಡು ಯಾರ ಪಕ್ಷ?

ದ.ರಾ. ಬೇಂದ್ರೆಯವರ ‘ಹುಬ್ಬಳ್ಳಿಯಾಂವಾ’ ನಮ್ಮ ಕಡೆಯ ಗ್ಯಾದರಿಂಗು, ಜಾತ್ರೆಯ ಆರ್ಕೆಸ್ಟ್ರಾಗಳಲ್ಲಿ ಕುಣಿಸುವ ಹಾಡಾಗಿ ನೆಲೆನಿಂತಿದೆ. ಪಲ್ಲವಿ ಕಿವಿಗೆ ಬಿದ್ದರೆ ಸಾಕು, ಚಪ್ಪಾಳೆ ಶುರುವಾಗುತ್ತದೆ, ರಿದಂ ಪ್ಯಾಡಿನವನಿಗೆ ಹುರುಪು ಬರುತ್ತದೆ. ಕವಿತೆಯನ್ನು ಕೈಯಲ್ಲಿ ಹಿಡಿದು ಓದಿದವರಿಗೆ ಮಾತ್ರ ಅಲ್ಲಿ ಕಾಣುವುದು ಕರಗಿಹೋಗುತ್ತಿರುವ ಒಲವು. ವಾರಕ್ಕೆ ಹಲವು ಸಲ ಬಂದುಹೋಗುತ್ತಿದ್ದವನು ಈಗ ಬರುತ್ತಿಲ್ಲ. ಕಾಯುವವಳು ತನ್ನ ಓರಗೆಯವರ ಮುಂದೆ ಅವನನ್ನು ನೆನೆಯುತ್ತಾಳೆ. ಇಷ್ಟೇ ಕಥೆ. ಈ ಹಾಡಿಗೆ ಜಾನಪದ ರಾಕ್ ಒಗ್ಗುತ್ತದೆಯೇ ಎಂದು ಕೇಳಿದರೆ, ಅದಕ್ಕಿಂತ ಚೆನ್ನಾಗಿ ಒಗ್ಗುವ ರೂಪ ಇಂದು ಇನ್ನೊಂದಿಲ್ಲ ಎಂದೇ ಹೇಳುತ್ತೇನೆ. ಆದರೆ ಧ್ವನಿಮುದ್ರಣ ಮಾಡುವವರು ಮೊದಲು ಒಂದು ಮಾತು ಇತ್ಯರ್ಥ ಮಾಡಿಕೊಳ್ಳಬೇಕು: ವಾದ್ಯಗಳು ಯಾರ ಬೆನ್ನಿಗೆ ನಿಲ್ಲುತ್ತವೆ, ಅವನ ಬೆನ್ನಿಗೋ ಅವಳ ಬೆನ್ನಿಗೋ?

ಕವಿತೆಯ ಕಟ್ಟು ನೋಡಿ. ನಡುವಿನ ಸಾಲುಗಳನ್ನೆಲ್ಲ ಅವನೇ ತುಂಬಿಕೊಂಡಿದ್ದಾನೆ. ಅವನ ಜರತಾರಿ ರುಂಬಾಲು, ಮೀಸೆಯ ಠೀವಿ, ಹುಬ್ಬಿನ ಆಟ, ಒಡವೆಯ ಆಸೆ ಹಚ್ಚುವ ಮಾತು, ಚಹಾ-ಚೂಡಾದ ಸರಸ. ಸಾಲು ಸಾಲೂ ಒಂದೇ ದೀರ್ಘ ನಾದದಲ್ಲಿ ಮುಗಿದು ಮತ್ತೆ ಅವನಿಗೇ ಬಂದು ಮುಟ್ಟುತ್ತದೆ. ಅವಳು ತಾನಾಗಿ ಕಾಣಿಸುವುದು ಮೊದಲಿಗೊಮ್ಮೆ, ಕೊನೆಗೊಮ್ಮೆ. ಕೊನೆಗೆ ಕಾಣುವಾಗ ಅಭಿಮಾನವನ್ನೆಲ್ಲ ಬಿಟ್ಟು ಹಾದಿಬೀದಿ ಹುಡುಕುವ ಸ್ಥಿತಿಗೆ ಬಂದಿರುತ್ತಾಳೆ. ನಡುವೆ ಒಂದು ಜಾಗವಿದೆ: ಅವನು ಮುಷ್ಟಿಗಟ್ಟಲೆ ರೊಕ್ಕ ತೆಗೆದು ಚಾಚುತ್ತಾನೆ, ನಿಜವೆಂದು ಅವಳು ಕೈ ಮುಂದೆ ಮಾಡಿದರೆ ಆ ಕೈಯನ್ನೇ ಹಿಡಿದುಕೊಳ್ಳುತ್ತಾನೆ. ಸಭೆ ಹೆಚ್ಚು ನಗುವುದು ಇಲ್ಲೇ. ಆ ನಗೆಯನ್ನು ಡ್ರಮ್ಮಿನ ಏಟಿನಿಂದ ಎಬ್ಬಿಸಿದರೆ ಸಂಗೀತ ರುಂಬಾಲಿನವನ ಕಡೆ ವಾಲಿತು ಎಂದೇ ಅರ್ಥ. ಅವಳಿಗೆ ಆ ನೆನಪು ಸಿಹಿ ಹೌದು, ಆದರೆ ಅದು ಮುಗಿದುಹೋದದ್ದರ ಸಿಹಿ.

ಅವಳು ಯಾರೆಂಬುದನ್ನೂ ಕವಿತೆ ಮುಚ್ಚಿಟ್ಟಿಲ್ಲ. ದೇವರಿಗೆ ಬಿಟ್ಟ ಜೋಗತಿಯರ, ಬಸವಿಯರ ಮಾತು ಅವನ ಮುಖಸ್ತುತಿಯಲ್ಲೇ ಬರುತ್ತದೆ. ಸವದತ್ತಿ ಯಲ್ಲಮ್ಮನ ಗುಡ್ಡ ನವಲಗುಂದ ಸೀಮೆಗೆ ದೂರವಲ್ಲ, ಜೋಗತಿಯರ ಚೌಡಕಿ ಪದ ಈ ಎರೆನೆಲದ ಊರುಗಳಿಗೆ ಹೊಸತಲ್ಲ. ಹುಬ್ಬಳ್ಳಿಯೂ ಹಾಗೇ. ಹತ್ತಿ ಬೆಳೆಯುವ ಅಣ್ಣಿಗೇರಿ, ಕುಂದಗೋಳದವರಿಗೆ ಅದು ಪ್ಯಾಟಿ. ಮಾಲು ಹೋಗುವುದು ಅಲ್ಲಿಗೆ, ರೊಕ್ಕ ಬರುವುದು ಅಲ್ಲಿಂದ. ಗಂಡನ ಹೆಸರು ಬಾಯಿಬಿಟ್ಟು ಹೇಳದ ರೂಢಿಯಂತೆ ಇವಳೂ ಅವನ ಹೆಸರೆತ್ತುವುದಿಲ್ಲ. ಆದರೆ ಹೆಸರಿನ ಜಾಗದಲ್ಲಿ ಅವನ ಊರನ್ನಿಟ್ಟು, ಅವನು ಇಲ್ಲಿಯವನಲ್ಲ ಎಂಬುದನ್ನು ಪ್ರತಿ ಸಲವೂ ತಾನೇ ಹೇಳಿಕೊಳ್ಳುತ್ತಾಳೆ. ಆದ್ದರಿಂದ ಈ ಹಾಡಿನ ಆಧಾರವಾದ್ಯ ಚೌಡಕಿಯೇ ಆಗಬೇಕು. ಒಂಟಿ ತಂತಿಯ ಬಿಗಿ ಏರಿಳಿಸುತ್ತ ಮೀಟಿದಾಗ ಅದು ಎಳೆಯುವ, ಜಗ್ಗುವ ದನಿ ಎಲೆಕ್ಟ್ರಿಕ್ ಗಿಟಾರಿನ ತಂತಿ ಬಾಗಿಸುವ ದನಿಗೆ ಸಮೀಪದ ನೆಂಟ. ಎರಡನ್ನೂ ಕೂಡಿಸಲು ಕಸರತ್ತು ಬೇಕಾಗಿಲ್ಲ. ಚೌಡಕಿ ಪದದಲ್ಲಿ ಮುಂದೆ ಹಾಡುವವಳ ಸಾಲನ್ನು ಎತ್ತಿಕೊಳ್ಳುವ ಹಿಮ್ಮೇಳವಿರುತ್ತದಲ್ಲ, ಅದೂ ಈ ಕವಿತೆಗೆ ಬೇಕು. ಅವಳು ‘ಅವ್ವಾ’ ಎಂದು ಕರೆದು ಹೇಳುತ್ತಿರುವಾಗ ಕೇಳಿಸಿಕೊಳ್ಳುವ ಹೆಂಗಸರು ಆ ಕೋಣೆಯಲ್ಲಿರಬೇಡವೇ?

ಇನ್ನು ಲಯದ ಮಾತು. ಬೇಂದ್ರೆ ಧಾರವಾಡದ ಆಡುನುಡಿಯ ಎಳೆತವನ್ನು ಅಚ್ಚಿನಲ್ಲೂ ಬಿಡಲಿಲ್ಲ, ಅವಗ್ರಹ ಚಿಹ್ನೆ ಹಾಕಿ ಎಲ್ಲಿ ಸ್ವರ ಜಗ್ಗಬೇಕೆಂದು ತೋರಿಸಿದರು. ಈ ಕವಿತೆಯಲ್ಲೂ ಆ ಗುರುತುಗಳಿವೆ. ಅವು ಹಾಡುಗಾರರಿಗೆ ಕವಿ ಕೊಟ್ಟ ಸೂಚನೆಗಳೆಂದೇ ನಾನು ತಿಳಿಯುತ್ತೇನೆ. ಇವತ್ತಿನ ಸ್ಟುಡಿಯೊ ಪದ್ಧತಿ ಇದಕ್ಕೆ ತಿರುಗುಮುರುಗು: ಮೊದಲು ಕ್ಲಿಕ್ ಟ್ರ್ಯಾಕ್, ಅದರ ಮೇಲೆ ತಾಳ, ಕಟ್ಟಕಡೆಗೆ ಹೆಡ್‌ಫೋನ್ ಹಾಕಿಕೊಂಡ ದನಿ. ಅಲ್ಲಿ ಎಳೆತಕ್ಕೆ ಎಡೆಯಿಲ್ಲ, ಜಗ್ಗಿದ ಸ್ವರ ತಪ್ಪೆನಿಸಿ ಕಂಪ್ಯೂಟರಿನಲ್ಲಿ ಸರಿಯಾಗಿಬಿಡುತ್ತದೆ. ಬೇರೆ ದಾರಿಯಿತ್ತು ಎಂಬುದಕ್ಕೆ ಜಾನಪದ ರಾಕ್‌ನ ಹುಟ್ಟಿನಲ್ಲೇ ಸಾಕ್ಷಿಯಿದೆ. ಸೈಮನ್ ಮತ್ತು ಗಾರ್ಫಂಕಲ್ 1964ರಲ್ಲಿ ಅಕೌಸ್ಟಿಕ್ ವಾದ್ಯಗಳ ಜೊತೆ ಹಾಡಿದ್ದ ‘ದ ಸೌಂಡ್ ಆಫ್ ಸೈಲೆನ್ಸ್’ಗೆ ನಿರ್ಮಾಪಕ ಟಾಮ್ ವಿಲ್ಸನ್ ಮರುವರ್ಷ ಅವರಿಬ್ಬರಿಗೂ ತಿಳಿಸದೆ ಎಲೆಕ್ಟ್ರಿಕ್ ಗಿಟಾರ್, ಬಾಸ್, ಡ್ರಮ್ ಕೂಡಿಸಿದರು. ಮೂಲ ಗಾಯನದ ನಡೆ ಒಂದೇ ಸಮವಾಗಿರಲಿಲ್ಲ, ವಾದ್ಯದವರು ಅದರ ಹಿಂದೆ ಪ್ರಯಾಸದಿಂದ ನಡೆಯಬೇಕಾಯಿತು. 1966ರ ಜನವರಿಯಲ್ಲಿ ಅದು ಅಮೆರಿಕದ ಪಟ್ಟಿಯ ತುದಿಗೇರಿತು. ಹಾಡಿದವರನ್ನು ಕೇಳದೆ ಮಾಡಿದ್ದು ಒಪ್ಪುವ ಕೆಲಸವಲ್ಲ. ಆದರೂ ಅಲ್ಲಿ ದನಿ ಮುಂದಿತ್ತು, ರಾಕ್ ಹಿಂದೆ ಬಂತು. ನಮ್ಮ ಹಾಡಿಗೂ ಬೇಕಾದದ್ದು ಅದೇ ಕ್ರಮ: ಹಾಡುವವಳು, ಚೌಡಕಿ, ಹಿಮ್ಮೇಳ ಒಂದೇ ಕೋಣೆಯಲ್ಲಿ ಒಂದೇ ಬಾರಿಗೆ ಹಾಡಲಿ, ಡ್ರಮ್ಮು ಬಾಸು ಆಮೇಲೆ ಬಂದು ಕೂಡಿಕೊಳ್ಳಲಿ.

ಬೇಂದ್ರೆಯವರ ಪದ್ಯಕ್ಕೆ ಗಿಟಾರು ಹಚ್ಚುವುದು ಅಪಚಾರ ಎನ್ನುವವರಿದ್ದಾರೆ. ಅವರ ಕಳಕಳಿಗೆ ಗೌರವ ಕೊಟ್ಟೇ ಕೇಳುತ್ತೇನೆ: ಕೊಳಲು, ತಬಲಾ, ಪಿಟೀಲಿನ ಭಾವಗೀತೆಯ ಕ್ಯಾಸೆಟ್ಟೂ ಸ್ಟುಡಿಯೊದಲ್ಲಿ ಹುಟ್ಟಿದ ಹೊಸ ರೂಪವೇ ಅಲ್ಲವೇ? ಕುಂದಗೋಳ ತಾಲ್ಲೂಕಿನ ಕಳಸದ ಗೋವಿಂದ ಭಟ್ಟರ ಶಿಷ್ಯ ಶಿಶುನಾಳ ಶರೀಫರ ಪದಗಳನ್ನು ರಘು ದೀಕ್ಷಿತ್ ತಮ್ಮದೇ ಹೆಸರಿನ 2008ರ ಆಲ್ಬಮಿನಲ್ಲಿ ರಾಕ್ ವಾದ್ಯಗಳೊಡನೆ ಹಾಡಿದರು. ಆ ಪದಗಳು ಮುಕ್ಕಾಗಲಿಲ್ಲ, ಕನ್ನಡ ಬಾರದವರೂ ಕೇಳಿದರು. ಶರೀಫರ ತತ್ತ್ವಪದಕ್ಕೆ ಊರೆಲ್ಲ ಕೂಡಿ ಹಾಡುವ ಭಜನೆಯ ಬಲವಿದೆ, ಅದನ್ನು ಎತ್ತಿಹಿಡಿದರೆ ಸಾಕು. ‘ಹುಬ್ಬಳ್ಳಿಯಾಂವಾ’ ಹಾಗಲ್ಲ. ಒಬ್ಬಳ ಮಾತಾದ್ದರಿಂದ ಅದರ ಧ್ವನಿಮುದ್ರಣ ಇನ್ನೂ ಕಷ್ಟ.

ಎರಡನೆಯ ಆಕ್ಷೇಪ ಗಟ್ಟಿಯಾದದ್ದು. ಕವಿತೆಯಲ್ಲೇ ಲವಲವಿಕೆಯಿದೆ, ಕುಣಿತವಿದೆ. ಅದನ್ನು ಅಳುವ ಹಾಡು ಮಾಡುವುದು ಇನ್ನೊಂದು ತಪ್ಪಲ್ಲವೇ? ಖಂಡಿತ ತಪ್ಪು. ನಡೆ ನಿಧಾನ ಮಾಡಿ, ವಯಲಿನ್ ಗುಂಪು ತಂದು, ಪ್ರತಿಧ್ವನಿ ತುಂಬಿದರೆ ಬೇಂದ್ರೆ ಉಳಿಯುವುದಿಲ್ಲ. ಬಣ್ಣ ಬಣ್ಣವಾಗಿ ನೆನೆದಷ್ಟೂ ಅವನ ಗೈರುಹಾಜರಿ ದೊಡ್ಡದಾಗುತ್ತದೆ, ಹಾಗಾಗಿ ವೇಗ ಇರಲೇಬೇಕು. ಕೊನೆಯ ಸಾಲುಗಳಲ್ಲಿ ತಾಳ ನಿಲ್ಲಿಸಿ ದನಿಯನ್ನು ಒಂಟಿ ಬಿಡುವ ಉಪಾಯವೂ ಬೇಡ, ಅದು ಎಲ್ಲರೂ ಮಾಡುವ ಕೆಲಸ. ತಾಳ ಇದ್ದ ಹಾಗೇ ಓಡಲಿ, ಅವಳ ದನಿ ಅದಕ್ಕಿಂತ ಒಂದಿಷ್ಟು ಹಿಂದೆ ಬೀಳಲಿ, ಹಿಮ್ಮೇಳ ಸಾಲು ಎತ್ತಿಕೊಳ್ಳದೆ ಸುಮ್ಮನಿರಲಿ.

ದೇವದಾಸಿ ಪದ್ಧತಿಯ ನೋವನ್ನು ಸರಸದ ಹಾಡಾಗಿಸಬಾರದು ಎಂಬ ಮಾತೂ ಇದೆ, ಮತ್ತು ಇದು ನನ್ನ ವಾದಕ್ಕೇ ಬಲ ಕೊಡುತ್ತದೆ. 1982ರ ಕಾಯ್ದೆಯಿಂದ ಕರ್ನಾಟಕ ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವ ಆ ಸಮರ್ಪಣೆಯನ್ನು ನಿಷೇಧಿಸಿತು, ಅದರ ಗಾಯ ಮಾತ್ರ ಈ ಸೀಮೆಯ ಮನೆಗಳಲ್ಲಿ ಮಾಯ್ದಿಲ್ಲ. ರುಂಬಾಲಿನವನ ಠೀವಿಯನ್ನೇ ಮೆರೆಸುವ ಧ್ವನಿಮುದ್ರಣ ಆ ಗಾಯವನ್ನು ಮರೆಸುತ್ತದೆ. ಹಾಗೆಂದು ಹಾಡನ್ನೇ ಕೈಬಿಟ್ಟರೆ ಅವಳ ಮಾತೂ ಹೋಗುತ್ತದೆ. ಈ ಕೆಲಸಕ್ಕೆ ಕೈಹಾಕುವ ತಂಡದವರು ಚೌಡಕಿಯ ದನಿಯನ್ನು ಕೀಬೋರ್ಡಿನ ಸ್ಯಾಂಪಲಿನಿಂದ ತೆಗೆಯದೆ, ಅದನ್ನು ನುಡಿಸುವ ಹೆಂಗಸರನ್ನೇ ಕರೆಯಬೇಕು. ಗಿಟಾರಿನವನಿಗೆ ಕೊಟ್ಟಷ್ಟೇ ಸಂಭಾವನೆಯನ್ನು ಅವರಿಗೂ ಕೊಡಬೇಕು. ಆಲ್ಬಮಿನ ಹೊದಿಕೆಯಲ್ಲೂ ಮೊಬೈಲಿನ ಆ್ಯಪಿನಲ್ಲೂ ಹಿಮ್ಮೇಳದ ಪ್ರತಿಯೊಬ್ಬಳ ಹೆಸರನ್ನು ಊರಿನ ಸಮೇತ ಅಚ್ಚು ಹಾಕಬೇಕು.