ಚಿಂಚೋಳಿಯ ತಾಂಡಾಕ್ಕೆ ಹೊಂದುವ ಪೇಪರ್

ಜರ್ನಲ್ ಕ್ಲಬ್ ಎಂಬ ಪದ್ಧತಿಯ ಮೇಲೆ ನನಗೆ ಅಪಾರ ಗೌರವವಿದೆ. 1875ರಲ್ಲಿ ವಿಲಿಯಂ ಆಸ್ಲರ್ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಇದನ್ನು ಕಟ್ಟಿದ್ದು, ಒಬ್ಬೊಬ್ಬರೇ ಕೊಳ್ಳಲಾಗದ ವೈದ್ಯಕೀಯ ಪತ್ರಿಕೆಗಳನ್ನು ಕೂಡಿ ತರಿಸಿ ಓದಲಿಕ್ಕೆ. ಇಂದು ನಮ್ಮ ಸ್ನಾತಕೋತ್ತರ ವೈದ್ಯಕೀಯ ಓದಿನಲ್ಲಿ ಅದೊಂದು ಕಡ್ಡಾಯ ಭಾಗ. ಕಲಬುರಗಿಯ ಕಾಲೇಜುಗಳಲ್ಲಿ ಕಲಿಯುವವರೂ ಪೇಪರ್ ಆರಿಸಬೇಕು, ಸ್ಲೈಡು ಕಟ್ಟಬೇಕು, ಮಾದರಿಯ ಗಾತ್ರ, ಪಿ-ಮೌಲ್ಯಗಳಿಗೆ ಉತ್ತರ ಕೊಡಬೇಕು. ಈ ಶಿಸ್ತು ಒಳ್ಳೆಯದೇ. ಆದರೆ ವೈಲ್ಡರ್‌ನೆಸ್ ಮೆಡಿಸಿನ್, ಅಂದರೆ ಆಸ್ಪತ್ರೆ ದೂರವಿರುವಲ್ಲಿ, ಸಲಕರಣೆ ಇಲ್ಲದಲ್ಲಿ ಜೀವ ಉಳಿಸುವ ವೈದ್ಯಕ್ಕೆ ಬಂದಾಗ ಈ ಓದು ಅರ್ಧಕ್ಕೇ ನಿಲ್ಲುತ್ತದೆ.

ಆ ಶಾಖೆಯ ಸಾಹಿತ್ಯ ಹೆಚ್ಚಾಗಿ ಹಿಮಪರ್ವತಗಳದು. ಅಮೆರಿಕದಲ್ಲಿ 1983ರಲ್ಲಿ ಹುಟ್ಟಿದ ವೈಲ್ಡರ್‌ನೆಸ್ ಮೆಡಿಕಲ್ ಸೊಸೈಟಿಯ ಮಾರ್ಗಸೂಚಿಗಳಲ್ಲಿ ಎತ್ತರದ ಕಾಯಿಲೆ, ಹಿಮಗಾಯ, ಹಿಮಕುಸಿತಗಳಿಗೆ ದೊಡ್ಡ ಜಾಗವಿದೆ. ಭಾರತದ ಹೆಮ್ಮೆಯ ಕೆಲಸವೂ ಅಲ್ಲಿಯದೇ: ಚೀನಾ ಯುದ್ಧದ ನಂತರ ಹಿಮಾಲಯಕ್ಕೇರಿದ 1,925 ಸೈನಿಕರನ್ನು ಕುರಿತ ಇಂದರ್ ಸಿಂಗ್ ತಂಡದ 1969ರ ವರದಿ. ಸೇಡಂನ ತೊಗರಿ ಹೊಲಕ್ಕೆ, ಶಹಾಬಾದಿನ ಪರ್ಸಿಕಲ್ಲಿನ ಖಣಿಗೆ, ಚಿಂಚೋಳಿ ವನ್ಯಧಾಮದೊಳಗಿನ ಲಂಬಾಣಿ ತಾಂಡಾಗಳಿಗೆ ಇದರಿಂದ ಏನು ಸಿಗುತ್ತದೆ? ಹಿಮದ ಪೇಪರುಗಳನ್ನು ಬಿಟ್ಟುಬಿಡಿ ಎನ್ನುತ್ತಿಲ್ಲ. ಪೇಪರಿನ 'ವಿಧಾನ' ಭಾಗವನ್ನು ಬೇರೆ ಕಣ್ಣಿನಿಂದ ಓದಬೇಕು: ರೋಗಿ ಬಿದ್ದಾಗ ಪಕ್ಕದಲ್ಲಿ ಯಾರಿದ್ದರು, ಕೈಗೆ ಏನು ಸಿಗುತ್ತಿತ್ತು?

ಉಷ್ಣಾಘಾತದ ಒಂದು ಹೆಸರಾಂತ ಅಧ್ಯಯನ ನೋಡಿ. ಅಮೆರಿಕದ ಫಾಲ್‌ಮೌತ್ ಓಟದಲ್ಲಿ 18 ವರ್ಷಗಳಲ್ಲಿ 274 ಓಟಗಾರರಿಗೆ ಉಷ್ಣಾಘಾತವಾಯಿತು, ಎಲ್ಲರೂ ಬದುಕಿದರು. 2015ರಲ್ಲಿ ಪ್ರಕಟವಾದ ಈ ಫಲಿತಾಂಶ ಬೆರಗು ಹುಟ್ಟಿಸುತ್ತದೆ, ತೀರ್ಮಾನವೂ ಸರಿ: ಮೊದಲು ತಂಪು ಮಾಡಿ, ಆಮೇಲೆ ಸಾಗಿಸಿ. ಆದರೆ ಅಲ್ಲಿ ಗುರಿಗೆರೆಯ ಬಳಿಯೇ ಮಂಜಿನ ನೀರಿನ ತೊಟ್ಟಿ, ಗುದದ್ವಾರದ ತಾಪಮಾಪಕ, ನುರಿತ ತಂಡ ಕಾದಿರುತ್ತಿದ್ದವು. ವಾಡಿ, ಶಹಾಬಾದ್ ಸುತ್ತಲಿನ ಖಣಿಗಳಲ್ಲಿ ಮೇ ತಿಂಗಳ 43 ಡಿಗ್ರಿಯಲ್ಲಿ ಕಲ್ಲು ಸೀಳುವವನು ತೊದಲತೊಡಗಿದರೆ ಮೊದಲು ನೋಡುವವನು ಜೊತೆಯ ಕೂಲಿಯವನು. ಆತ ನೀರು ಕುಡಿಸಿ ನೆರಳಿಗೆ ಮಲಗಿಸುತ್ತಾನೆ, ಇಲ್ಲವೆ ಟಂಟಂ ಹುಡುಕಲು ಓಡುತ್ತಾನೆ. ಮೈಮೇಲೆ ಬಿಡದೆ ನೀರು ಸುರಿದು ಗಾಳಿ ಬೀಸಲು ಆತನಿಗೆ ಹೇಳಿಕೊಟ್ಟರೆ ಎಷ್ಟು ಜೀವ ಉಳಿದೀತು? ಇಲ್ಲಿಯ ಕ್ಲಬ್ ಎತ್ತಬೇಕಾದ ಪ್ರಶ್ನೆ ಇದು. ಫಾಲ್‌ಮೌತ್ ಪೇಪರ್ ಅದಕ್ಕೆ ಉತ್ತರಿಸುವುದಿಲ್ಲ, ಅದು ಆ ಪೇಪರಿನ ದೋಷವೂ ಅಲ್ಲ.

ಹಾವು ಕಡಿತದ ಪೇಪರುಗಳು ಇನ್ನೂ ಹತ್ತಿರದವು. ರಕ್ತ ಹೆಪ್ಪುಗಟ್ಟುವುದನ್ನು ನೋಡುವ 20 ನಿಮಿಷದ ಪರೀಕ್ಷೆಗೆ ಒಣಗಿದ, ಶುಭ್ರ ಗಾಜಿನ ನಳಿಕೆಯೊಂದಿದ್ದರೆ ಸಾಕು. ಕೊಳಕುಮಂಡಲ, ಗರಗಸ ಮಂಡಲದ ವಿಷ ಏರಿದೆಯೇ ಎಂದು ಚಿಂಚೋಳಿಯಾಚೆಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ತಿಳಿಯಬಹುದು. ಶ್ರೀಲಂಕಾದ ಒಂದು ಅಧ್ಯಯನದಲ್ಲಿ ಈ ಪರೀಕ್ಷೆ ಅರ್ಧಕ್ಕಿಂತ ಹೆಚ್ಚು ರೋಗಿಗಳಲ್ಲಿ ವಿಷದ ಪರಿಣಾಮವನ್ನು ಗುರುತಿಸದೆ ಬಿಟ್ಟಿತು. ಇನ್ನೊಂದರಲ್ಲಿ ನೂರಕ್ಕೆ ಎಂಬತ್ತರ ಆಸುಪಾಸು ಹಿಡಿಯಿತು. ಸರಾಸರಿ ತೆಗೆದು ಮುಂದೆ ಹೋಗುವುದು ಸುಲಭ. ಆದರೆ ಮೊದಲನೆಯದು ವಾರ್ಡಿನ ದಿನನಿತ್ಯದ ಗಡಿಬಿಡಿಯಲ್ಲಿ ನಡೆದದ್ದು, ಎರಡನೆಯದು ಕಲಿತ ಕೈಗಳಿಂದ ಕ್ರಮವಾಗಿ ನಡೆದದ್ದು. ಸಾಬೂನು ಪುಡಿಯಲ್ಲಿ ತೊಳೆದ ನಳಿಕೆ ಅಥವಾ ಪ್ಲಾಸ್ಟಿಕ್ ಸೀಸೆ ಫಲಿತಾಂಶವನ್ನೇ ಕೆಡಿಸುತ್ತದೆ. ವಿದ್ಯಾರ್ಥಿ ಇದನ್ನು ಓದಿ ತಾಲ್ಲೂಕು ಆಸ್ಪತ್ರೆಯ ಗಾಜಿನ ನಳಿಕೆ ಹೇಗೆ ತೊಳೆಯುತ್ತಾರೆಂದು ವಿಚಾರಿಸಿದರೆ ಮಾತ್ರ ಅವಳ ಓದು ಮುಗಿದಂತೆ.

ನಾನು ಎಲ್ಲಕ್ಕಿಂತ ಎತ್ತರದಲ್ಲಿಡುವುದು ಹಿಮ್ಮತರಾವ್ ಬಾವಸ್ಕರ್ ಅವರ ಕೆಲಸವನ್ನು. ಕೊಂಕಣದ ಹಳ್ಳಿ ಆರೋಗ್ಯ ಕೇಂದ್ರದಲ್ಲಿ ಕೆಂಪು ಚೇಳು ಕಡಿದ ಮಕ್ಕಳು ಕಣ್ಣೆದುರೇ ಸಾಯುವುದನ್ನು ಕಂಡ ವೈದ್ಯ, ರಾತ್ರಿಯೆಲ್ಲ ಮಂಚದ ಪಕ್ಕ ಕೂತು ಬರೆದಿಟ್ಟ ಲಕ್ಷಣಗಳು 1982ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದವು. ಆಮೇಲೆ ಪ್ರಾಜೋಸಿನ್ ಎಂಬ ಅಗ್ಗದ ಮಾತ್ರೆ ಸಾವುಗಳನ್ನು ಬಹಳಷ್ಟು ಇಳಿಸಿತು. 2011ರಲ್ಲಿ ಮಹಾಡ್‌ನ 70 ರೋಗಿಗಳ ಮೇಲೆ ಅವರ ಪ್ರಯೋಗವೊಂದು ಬಿಎಂಜೆಯಲ್ಲಿ ಪ್ರಕಟವಾಯಿತು: ಮಾತ್ರೆಯ ಜೊತೆ ಚೇಳಿನ ಪ್ರತಿವಿಷವನ್ನೂ ಕೊಟ್ಟ 35 ಜನರಲ್ಲಿ 32 ಮಂದಿ ಹತ್ತು ಗಂಟೆಯಲ್ಲಿ ಪೂರ್ತಿ ಚೇತರಿಸಿಕೊಂಡರು, ಬರೀ ಮಾತ್ರೆ ಪಡೆದ 35ರಲ್ಲಿ ಎಂಟೇ ಮಂದಿ. ಯಾರಿಗೆ ಯಾವ ಔಷಧ ಎಂಬುದು ವೈದ್ಯರಿಗೆ ಗೊತ್ತಿತ್ತು, ಸಂಖ್ಯೆಯೂ ಚಿಕ್ಕದು ಎಂಬ ಆಕ್ಷೇಪ ನ್ಯಾಯವೇ. ಆದರೂ ನಮ್ಮ ಕಲ್ಲುಭೂಮಿಯ ಬಡವನಿಗೆ ಇಷ್ಟು ಹತ್ತಿರ ಬಂದ ಪೇಪರ್ ಕಡಿಮೆ. ಪ್ರತಿವಿಷ ಸಿಗದಲ್ಲಿ ಮಾತ್ರೆ ಕೊಟ್ಟು, ರಕ್ತದೊತ್ತಡ ಕುಸಿಯದಂತೆ ಮಲಗಿಸಿಯೇ ಸಾಗಿಸುವ ದಾರಿ ಅವರ ಕೆಲಸದಿಂದಲೇ ತೆರೆದುಕೊಳ್ಳುತ್ತದೆ.

ಬಾವಸ್ಕರ್ ಓದುಗರಾಗಿ ಆರಂಭಿಸಲಿಲ್ಲ, ಬರೆದಿಡುವವರಾಗಿ ಆರಂಭಿಸಿದರು. ನಮ್ಮ ಕ್ಲಬ್ಬುಗಳಲ್ಲಿ ತಪ್ಪಿಹೋಗಿರುವುದು ಇದೇ. ಈಗ ಅದಕ್ಕೆ ಅವಕಾಶ ಒದಗಿದೆ: ಸ್ನಾತಕೋತ್ತರ ವಿದ್ಯಾರ್ಥಿಗಳು ಮೂರು ತಿಂಗಳು ಜಿಲ್ಲಾ ಆರೋಗ್ಯ ವ್ಯವಸ್ಥೆಯಲ್ಲಿ ಕೆಲಸ ಮಾಡಬೇಕು, 2024ರಿಂದ ಕರ್ನಾಟಕದಲ್ಲಿ ಹಾವು ಕಡಿತವನ್ನು ವರದಿ ಮಾಡುವುದೂ ಕಡ್ಡಾಯ. ಪೇಪರಿನ ಪಕ್ಕದಲ್ಲಿ ಸೇಡಂ, ಚಿತ್ತಾಪುರ, ಚಿಂಚೋಳಿಯ ದಾಖಲೆಗಳನ್ನೂ ಹೆಸರು ಮರೆಮಾಡಿ ಮೇಜಿಗೆ ತರಲಿ. ಕಡಿದದ್ದು ಎಷ್ಟು ಹೊತ್ತಿಗೆ, ನಡುವೆ ಯಾರ ಬಳಿ ಹೋಗಿದ್ದರು, ಮೊದಲ ಸೀಸೆ ಪ್ರತಿವಿಷ ಏರಿದ್ದು ಎಷ್ಟು ಗಂಟೆಗೆ, ಕಲಬುರಗಿಗೆ ಕಳಿಸಿದ್ದರೆ ಯಾಕೆ ಎಂದು ವಿದ್ಯಾರ್ಥಿಗಳು ಪಿ-ಮೌಲ್ಯಕ್ಕಿಂತ ಮೊದಲು ಕೇಳಲಿ.