ಗೆಟ್ಟು, ಗೇಟು ಮತ್ತು ರ‍್ಯಾಪಿಡೆಕ್ಸು

ಸೊರಬ, ಶಿಕಾರಿಪುರದ ಕಡೆಯಿಂದ ಬೆಂಗಳೂರಿಗೆ ಬಂದ ನನ್ನ ಓರಗೆಯವರಿಗೆ ರ‍್ಯಾಪಿಡೆಕ್ಸ್ ಇಂಗ್ಲಿಷ್ ಸ್ಪೀಕಿಂಗ್ ಕೋರ್ಸ್ ಗೊತ್ತಿಲ್ಲದ ಪುಸ್ತಕವೇನಲ್ಲ. ದೆಹಲಿಯ ಪುಸ್ತಕ್ ಮಹಲ್ ಪ್ರಕಟಣೆ, ಜಾಹೀರಾತಿನಲ್ಲಿ ಕಪಿಲ್ ದೇವ್, 60 ದಿನದ ಪಾಠ. ಅದನ್ನು ಗೇಲಿ ಮಾಡೋದು ಈಗ ಸುಲಭ, ನಾನು ಮಾಡಲ್ಲ. ಕೋಚಿಂಗಿಗೆ ದುಡ್ಡಿಲ್ಲದ, ಮನೆಯಲ್ಲಿ ಇಂಗ್ಲಿಷ್ ಆಡೋರಿಲ್ಲದ ಮಕ್ಕಳಿಗೆ ಅದೇ ಮೇಷ್ಟ್ರು. ಆದರೆ ಮೇಷ್ಟ್ರನ್ನೂ ಪ್ರಶ್ನೆ ಕೇಳಬಹುದಲ್ವಾ?

ನನ್ನ ತಕರಾರು ಒಂದೇ. ಇಂಥ ಪುಸ್ತಕಗಳು ಕನ್ನಡ ಲಿಪಿಯನ್ನು ಬಳಸುತ್ತವೆ, ಕನ್ನಡವನ್ನು ಬಳಸುವುದಿಲ್ಲ.

ಉಚ್ಚಾರಣೆಯನ್ನೇ ನೋಡಿ. ಇಂಗ್ಲಿಷ್ ವಾಕ್ಯದ ಪಕ್ಕ ಅದನ್ನೇ ಕನ್ನಡಕ್ಷರದಲ್ಲಿ ಬರೆದಿರುತ್ತಾರೆ. ಓದಿದ ಕೂಡಲೇ ಧೈರ್ಯ ಬರುತ್ತೆ, ಅದು ದೊಡ್ಡ ಉಪಕಾರ. ಆದರೆ ಪಶ್ಚಿಮಕ್ಕೂ ವೆಸ್ಟ್, ಬನಿಯನ್ನಿಗೂ ವೆಸ್ಟ್! ಮೊದಲನೆಯದಕ್ಕೆ ತುಟಿ ದುಂಡಗಾಗಬೇಕು, ಎರಡನೆಯದಕ್ಕೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು. ನಮ್ಮ ‘ವ’ ಒಂದೇ, ಅದು ಎರಡನ್ನೂ ನುಂಗಿಬಿಡುತ್ತೆ. ‘ರೆಕಾರ್ಡ್’ ನಾಮಪದವಾದರೆ ಒತ್ತು ಮೊದಲಿಗೆ, ಕ್ರಿಯಾಪದವಾದರೆ ಕೊನೆಗೆ. ಬರೆದ ಅಕ್ಷರದಲ್ಲಿ ಈ ಒತ್ತು ಕಾಣುವುದೇ ಇಲ್ಲ.

ಇನ್ನೊಂದು ಕಡೆ, ನಮ್ಮ ಬಲವನ್ನು ಯಾರೂ ಹೇಳಿಕೊಡುವುದಿಲ್ಲ. ಹಿಂದಿ ವರ್ಣಮಾಲೆಯಲ್ಲಿ ಎ, ಏ ಎಂಬ ಎರಡು ಅಕ್ಷರಗಳಿಲ್ಲ. ನಮಗಿವೆ. ಗೆಟ್-ಗೇಟ್, ಪೆನ್-ಪೇನ್ ವ್ಯತ್ಯಾಸ ನಮ್ಮ ಕಿವಿಗೆ ಒಂದನೇ ಕ್ಲಾಸಿನಿಂದಲೇ ಗೊತ್ತು. ಹಲವು ಭಾಷೆಗೆ ಒಂದೇ ಅಚ್ಚಿನಲ್ಲಿ ಎರಕ ಹೊಯ್ದರೆ ಇಂಥದ್ದು ಕಳೆದುಹೋಗುತ್ತೆ.

ವ್ಯಾಕರಣದ್ದೂ ಅದೇ ಕತೆ. ‘ಐ ಆ್ಯಮ್ ವರ್ಕಿಂಗ್ ಹಿಯರ್ ಸಿನ್ಸ್ ಟೂ ಇಯರ್ಸ್’ ತಪ್ಪು, ‘ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ಟೂ ಇಯರ್ಸ್’ ಸರಿ ಅಂತ ತಿದ್ದುತ್ತಾರೆ. ಯಾಕೆ ತಪ್ಪಾಯ್ತು? ‘ಎರಡು ವರ್ಷದಿಂದ ಕೆಲಸ ಮಾಡ್ತಿದ್ದೀನಿ’ ಅನ್ನೋದು ಅಪ್ಪಟ ಕನ್ನಡ. ನಮ್ಮ ‘ಇಂದ’ ಒಂದೇ, ಸಿನ್ಸ್ ಮತ್ತು ಫಾರ್ ಎರಡರ ಕೆಲಸವನ್ನೂ ಮಾಡುತ್ತೆ. ಇದನ್ನು ಒಂದು ಸಾಲಿನಲ್ಲಿ ಹೇಳಿದ್ದರೆ, ಕಲಿಯುವವನು ತಾನು ದಡ್ಡ ಅಂದುಕೊಳ್ಳುತ್ತಿರಲಿಲ್ಲ. ಒಂದು ನಿಯಮದ ಜಾಗಕ್ಕೆ ಇನ್ನೊಂದು ನಿಯಮ ಬಳಸಿದೆ, ಅಷ್ಟೇ ಅಂತ ತಿಳಿಯುತ್ತಿತ್ತು.

ಇದು ಸಣ್ಣ ವಿಷಯ ಅಲ್ಲ. ಮೀಟಿಂಗುಗಳಲ್ಲಿ ಕೋಡ್ ಬರೆದವರು ಸುಮ್ಮನೆ ಕೂತಿರುತ್ತಾರೆ, ಇಂಗ್ಲಿಷ್ ಬರುವವರು ಅದನ್ನು ವಿವರಿಸಿ ಹೆಸರು ತಗೊಳ್ತಾರೆ. ಆ ಮೌನ ಪದಗಳ ಕೊರತೆಯಿಂದ ಬಂದದ್ದಲ್ಲ. ದಿನಕ್ಕೆ ಹತ್ತು ಪದ ಬಾಯಿಪಾಠ ಮಾಡಿದವರೂ ಬಾಯಿ ಬಿಡಲ್ಲ. ಕಾರಣ ಗೊತ್ತಿಲ್ಲದೆ ತಿದ್ದಿಸಿಕೊಂಡವರಿಗೆ ಪ್ರತಿ ವಾಕ್ಯವೂ ಪರೀಕ್ಷೆ. ಈಗಿನ ಆ್ಯಪುಗಳಲ್ಲಿ ತಪ್ಪಿಗೆ ಕೆಂಪು ಗೆರೆ ಬೀಳುತ್ತೆ, ಆ ತಪ್ಪಿನ ಹಿಂದಿನ ಕನ್ನಡ ಯಾರಿಗೂ ಬೇಡ.

ಶಿಕಾರಿಪುರ ತಾಲೂಕಿನ ಬಳ್ಳಿಗಾವಿಯಲ್ಲಿ ಕೋಡಿಯಮಠ ಇತ್ತು. ಅಲ್ಲಿ ಕೌಮಾರ, ಪಾಣಿನೀಯ, ಶಾಕಟಾಯನ ಹೀಗೆ ಹಲವು ವ್ಯಾಕರಣಗಳ ವ್ಯಾಖ್ಯಾನ ನಡೆಯುತ್ತಿತ್ತು ಎನ್ನುತ್ತೆ 1162ರ ಶಾಸನ. ಬಡವರಿಗೆ ಊಟ, ರೋಗಿಗಳಿಗೆ ಔಷಧಿಯೂ ಅಲ್ಲೇ. ಒಂದೇ ಸೂರಿನಡಿ ಹಲವು ವ್ಯಾಕರಣ ಇಟ್ಟುಕೊಂಡು ಕಲಿಸುವುದು ನಮ್ಮ ನೆಲಕ್ಕೆ ಹೊಸದೇನಲ್ಲ.

ಹಾಗಾಗಿ ರ‍್ಯಾಪಿಡೆಕ್ಸ್ ಕೊಳ್ಳಬೇಡಿ ಅನ್ನಲ್ಲ. ಕೊಂಡರೆ ಪ್ರತಿ ತಪ್ಪಿನ ಪಕ್ಕ ಪೆನ್ಸಿಲ್ಲಿನಲ್ಲಿ ‘ಕನ್ನಡದಲ್ಲಿ ಇದನ್ನ ಹೇಗೆ ಹೇಳ್ತೀವಿ?’ ಅಂತ ಬರೆದುಕೊಳ್ಳಿ. ಆಮೇಲೆ ನಿಮ್ಮಷ್ಟೇ ತಡವರಿಸುವ ಗೆಳೆಯನೊಬ್ಬನನ್ನು ಹುಡುಕಿ, ಜೋರಾಗಿ ಮಾತಾಡಿ. ಆ ಅರ್ಧ ಕೆಲಸವನ್ನು ಯಾವ ಪುಸ್ತಕವೂ ಮಾಡಿಕೊಡಲ್ಲ.